ಕಾಕಾ ಕೊಟ್ಟ ತೋಟಾ

ಆತ್ಮಾರಾಮರಿಗೆ ಮಗಳ ಹೆಸರು ಒಮ್ಮೊಮ್ಮೆ ನೆನಪಿಗೆ ಬರುತ್ತಿರಲಿಲ್ಲ. ಉಂಡು ಕೈ ತೊಳೆದು ಬಂದವರು ಮತ್ತೆ ಅದೇ ಜಾಗದಲ್ಲಿ ಕೂತು, “ಇನ್ನೂ ಬಡಿಸಿಲ್ಲೇನವ್ವಾ?” ಎಂದು ಕೇಳುತ್ತಿದ್ದರು. ಆದರೆ ನಾರಾಯಣಖೇಡದ ಆ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು, ಬಂದೂಕಿನ ತೋಟಾದ ಖಾಲಿ ಹಿತ್ತಾಳೆ ಕೊಳವೆಗಳನ್ನು ಮುಂದೆ ಸಾಲಾಗಿ ನಿಲ್ಲಿಸಿಕೊಂಡರೆ ಸಾಕು, ಅವರ ಕೈಗಳಿಗೆ ಎಲ್ಲವೂ ನೆನಪಿತ್ತು. ಕೊಳವೆಯ ಬುಡದಲ್ಲಿ, ಏಟು ಬಿದ್ದರೆ ಕಿಡಿ ಹಾರಿಸುವ ಹೊಸ ಟೋಪಿ ಕೂರಿಸಿ, ಅದು ಸಮನಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುವರು. ಕೋಡಿನ ಅಳತೆಯಲ್ಲಿ ಕರಿಮದ್ದು ತೆಗೆದುಕೊಂಡು, ಉದ್ದನೆಯ ತಗಡಿನ ನಳಿಗೆಯ ಮೂಲಕ ಸಣ್ಣಗೆ ಸುರಿಯುವರು. ಎತ್ತರದಿಂದ ಬಿದ್ದರೆ ಮದ್ದು ತಾನಾಗಿಯೇ ಒತ್ತಾಗಿ ಕೂಡುತ್ತದೆ, ಬಡಿದು ಕೂರಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಮೇಲೊಂದು ರಟ್ಟಿನ ಬಿಲ್ಲೆ, ಅದರ ಮೇಲೆ ಜೇನುಮೇಣಕ್ಕೆ ಕುರಿಯ ಕೊಬ್ಬು ಬೆರೆಸಿ ಮಾಡಿದ ಇನ್ನೊಂದು ಬಿಲ್ಲೆ, ಕೊನೆಗೆ ಹೆಬ್ಬೆರಳು ಗಾತ್ರದ ಸೀಸದ ಗುಂಡು. ಆ ಗುಂಡಿಗೆ ತೆಳ್ಳನೆಯ ಕಾಗದದ ಅಂಗಿ. ಕಾಗದವನ್ನು ತೇವ ಮಾಡಿ ಗುಂಡಿಗೆ ಸುತ್ತುವುದು ಮಗಳು ಮಾಲತೀಬಾಯಿಯ ಕೆಲಸ. ಲಂಗ ತೊಡುವ ವಯಸ್ಸಿನಿಂದಲೂ ಅದು ಅವಳದೇ ಕೆಲಸ.

ನಿಜಾಮರ ಕಾಲದಲ್ಲಿ ಆತ್ಮಾರಾಮರು ಒಬ್ಬ ಜಾಗೀರದಾರರ ಶಿಕಾರಿಖಾನೆಯಲ್ಲಿ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದರು. ಜಾಗೀರು ಹೋದ ಮೇಲೆ ತಾಲೂಕು ಕಚೇರಿಯಲ್ಲಿ ಗುಮಾಸ್ತರಾದರು. ಜಾಗೀರದಾರರು ಊರು ಬಿಡುವಾಗ ಅವರಿಗೆ ಕೊಟ್ಟು ಹೋದದ್ದು ಒಂದು ಹಳೆಯ ರೈಫಲ್. ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ, ದೊಡ್ಡ ಬಾಯಿಯ, ಹಾರಿಸಿದರೆ ಹೊಲದ ತುಂಬ ಬಿಳಿ ಹೊಗೆ ಎಬ್ಬಿಸುವ ಬಂದೂಕು. ಅದರ ತೋಟಾ ಪೇಟೆಯಲ್ಲಿ ಸಿಗುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಹಾರಿಸಿದ ಮೇಲೆ ಖಾಲಿ ಕೊಳವೆಯನ್ನೇ ಹುಡುಕಿ ತಂದು, ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಮನೆಯಲ್ಲೇ ತುಂಬಬೇಕು. ಮದ್ದು ಮತ್ತು ಟೋಪಿಗಳು ಮಾತ್ರ ಜಹೀರಾಬಾದಿನ ಲೈಸೆನ್ಸ್ ಅಂಗಡಿಯಿಂದ ಬರುತ್ತಿದ್ದವು.

ಮುದುಕರ ಕಣ್ಣು ಮಂಜಾದ ಮೇಲೆ ಆ ಬಂದೂಕನ್ನು ಹಾರಿಸುತ್ತಿದ್ದವನು ಕಾಶಪ್ಪ. ನಾಗಲಗಿದ್ದದ ಹತ್ತಿರದ ಹಳ್ಳಿಯವನು, ಕುರಿ ಸಾಕುವವನು, ಒಂದಿಷ್ಟು ಹೊಲವೂ ಇತ್ತು. ಲೈಸೆನ್ಸಿನಲ್ಲಿ ಆತ್ಮಾರಾಮರ ಹೆಸರಿನ ಕೆಳಗೆ ಅವನ ಹೆಸರೂ ಇತ್ತು. ಕಾಡುಹಂದಿ ಜೋಳಕ್ಕೆ ಬಿದ್ದಾಗ ಸುತ್ತಲಿನ ಊರುಗಳವರು ಅವನನ್ನು ಕರೆಯುವರು. ಅವನು ಕುರಿಯ ಕೊಬ್ಬನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಬಂದು ಪಡಸಾಲೆಯ ಮೆಟ್ಟಿಲ ಮೇಲಿಟ್ಟು, “ಕಾಕಾ, ಬಂದೀನ್ರಿ” ಎಂದು ಕೂಗುವನು. ಬಂದೂಕು, ತೋಟಾ ತೆಗೆದುಕೊಂಡು ಹೋಗುವನು. ತೋಟಾವನ್ನು ಎಂದೂ ತಿರುಗಿಸಿ ನೋಡಿದವನಲ್ಲ, ಅಲುಗಿಸಿ ಕೇಳಿದವನಲ್ಲ. ಊರವರು ಅವನ ಗುರಿಯನ್ನು ಹೊಗಳಿದರೆ, “ನಂದೇನದ? ನಾ ಬರೀ ಬಂದೂಕಿನ ಕುದುರಿ ಎಳಿತೀನಿ. ಹಂದಿ ಹೊಡಿಯಾಂವ ನಮ್ಮ ಕಾಕಾ” ಎನ್ನುತ್ತಿದ್ದ.

ಅರವತ್ತೊಂಬತ್ತನೆಯ ಇಸವಿ ಶುರುವಾಗುತ್ತಲೇ ಪ್ರತ್ಯೇಕ ರಾಜ್ಯ ಬೇಕೆಂಬ ಜೈ ತೆಲಂಗಾಣದ ಕೂಗು ಹೈದರಾಬಾದಿನಿಂದ ಹಬ್ಬಿಕೊಂಡು ಈ ಕಡೆಯ ಊರುಗಳಿಗೂ ಬಂತು. ಗೋಡೆಗಳ ಮೇಲೆಲ್ಲ ಸುಣ್ಣದ ಬರಹ. ಬಸ್ಸುಗಳು ಇದ್ದರೆ ಇದ್ದವು, ಇಲ್ಲದಿದ್ದರೆ ಇಲ್ಲ. ಮಾಲತೀಬಾಯಿ ಪಾಠ ಹೇಳುತ್ತಿದ್ದ ಸರಕಾರಿ ಶಾಲೆಗೆ ಬೀಗ ಬಿತ್ತು. ಅವಳ ಗಂಡ ಸೋಮಶೇಖರ ತಾಂಡೂರಿನ ಒಂದು ಬ್ಯಾಂಕಿನಲ್ಲಿದ್ದ. ಅವಳ ನೌಕರಿ ಇಲ್ಲಿ, ಮುದುಕ ತಂದೆ ಇಲ್ಲಿ. ಹೀಗಾಗಿ ಅವನು ರಜೆಯಲ್ಲಿ ಬಂದು ಹೋಗುವುದೇ ಅವರ ಸಂಸಾರವಾಗಿತ್ತು. ಗಲಾಟೆಯಲ್ಲಿ ಅದೂ ಅಪರೂಪವಾಯಿತು.

ಹೋಳಿಯ ಸುಮಾರಿಗೆ, ಲೈಸೆನ್ಸ್ ಇದ್ದವರೆಲ್ಲ ಬಂದೂಕುಗಳನ್ನು ಠಾಣೆಯಲ್ಲಿ ಇಡಬೇಕು ಎಂಬ ಹುಕುಂ ಬಂತು. ಹಣಮಯ್ಯ ಎಂಬ ಜಮಾದಾರ ಮನೆಗೇ ಬಂದ. ಖಾಕಿ ಕಂಡದ್ದೇ ಆತ್ಮಾರಾಮರು ಎದ್ದು ನಿಂತರು. ಹಳೆಯ ಜಾಗೀರದಾರರ ಆಳು ಬಂದಿದ್ದಾನೆ ಎಂದೇ ಅವರ ತಿಳಿವಳಿಕೆ.

“ಸಾಹೇಬರು ಯಾವ ಕಡಿ ಶಿಕಾರಿಗೆ ಹೊಂಟಾರ?” ಎಂದು ಕೇಳಿದರು.

ಹಣಮಯ್ಯ ಮಾಲತೀಬಾಯಿಯ ಮುಖ ನೋಡಿದ. ಅವಳು ಕಣ್ಣಿನಲ್ಲೇ ಬೇಡಿಕೊಂಡಳು. ಅವನೂ ಮಕ್ಕಳೊಂದಿಗ. “ಭಾಳ ದೂರ ಹೊಂಟಾರ್ರಿ” ಎಂದ.

“ಹಂಗಾರ ಜರಾ ಕೂಡ್ರಿ. ಎಣ್ಣಿ ಹಚ್ಚದs ಹ್ಯಾಂಗ ಕೊಡ್ಲಿ?”

ಬಿಸಿಲೇರುವ ತನಕ ಮುದುಕರು ನಳಿಗೆಗೆ ಬಟ್ಟೆ ತೂರಿಸಿ ಒರೆಸಿದರು, ಎಣ್ಣೆ ಹಚ್ಚಿದರು. ಹಣಮಯ್ಯ ಚಹಾ ಕುಡಿದು ಸುಮ್ಮನೆ ಕೂತಿದ್ದ. ಬಂದೂಕು ಎತ್ತಿಕೊಂಡು ಹೊರಟಾಗ ಮುದುಕರು ಬಾಗಿಲ ತನಕ ಹೋಗಿ ಸಲಾಮು ಮಾಡಿದರು.

ಬಂದೂಕು ಹೋದರೂ ತೋಟಾ ತುಂಬುವುದು ನಿಲ್ಲಲಿಲ್ಲ. ಕಾಶಪ್ಪ ಇವತ್ತೋ ನಾಳೆಯೋ ಬರುತ್ತಾನೆ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಾಲತೀಬಾಯಿಯೂ ಬೇಡ ಎನ್ನಲಿಲ್ಲ. ಹೊತ್ತು ಹೋಗುತ್ತದಲ್ಲ ಎಂದುಕೊಂಡಳು. ಆದರೆ ಒಂದು ದಿನ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿರುವಾಗ ಒಳಗಿನಿಂದ ‘ಭುಸ್ಸ್’ ಎಂಬ ಸದ್ದು ಬಂತು. ಓಡಿ ಬಂದರೆ ಅಡುಗೆಮನೆಯ ತುಂಬ ಹೊಗೆ. ಮದ್ದಿಗೆ ಥಂಡಿ ಹತ್ತಿದೆ ಎಂದು ಮುದುಕರು ಒಂದು ತಾಟಿನಲ್ಲಿ ಹರವಿ ಒಲೆಯ ಪಕ್ಕ ಇಟ್ಟಿದ್ದರು. ಹುಬ್ಬು ಸುಟ್ಟು ಹೋಗಿತ್ತು, ಬಲಗೈ ಬೊಬ್ಬೆ ಎದ್ದಿತ್ತು. ಕಣ್ಣು ಉಳಿದದ್ದೇ ಹೆಚ್ಚು. ಅವರು ಮಾತ್ರ ಬೈಗುಳ ತಿಂದ ಮಗುವಿನಂತೆ ಗೋಡೆಗೆ ಒರಗಿ ನಿಂತು, “ಯಾರೋ ಕೆಟ್ಟ ಮದ್ದು ಕೊಟ್ಟಾರವ್ವಾ” ಎನ್ನುತ್ತಿದ್ದರು.

ಅದೇ ಸಂಜೆ ಮಾಲತೀಬಾಯಿ ಡಬ್ಬಿಯಲ್ಲಿ ಉಳಿದ ಮದ್ದನ್ನೆಲ್ಲ ಬಕೆಟ್ ನೀರಿಗೆ ಸುರಿದು ತಿಪ್ಪೆಗೆ ಚೆಲ್ಲಿದಳು.

ಬೊಬ್ಬೆ ಮಾಯುವ ತನಕ ಅವರು ಸುಮ್ಮನಿದ್ದರು. ಆಮೇಲೆ ಮದ್ದಿನ ಡಬ್ಬಿ ಹುಡುಕತೊಡಗಿದರು. ಹಾಸಿಗೆ ಬಿಚ್ಚಿದರು, ಕಾಳಿನ ಗಡಿಗೆಗಳಲ್ಲಿ ಕೈ ಹಾಕಿದರು. ಮಗಳನ್ನು ಕಳ್ಳಿ ಎಂದರು. ಊಟ ಬಿಟ್ಟರು. “ಕಾಶಪ್ಪ ಬರ್ತಾನ. ಅಂವನ್ನ ಖಾಲಿ ಕೈಲೆ ಹಂದಿ ಮುಂದ ನಿಲ್ಲಸಲ್ಯಾ?” ಎಂದು ಅತ್ತರು. ತಂದೆ ಅತ್ತದ್ದನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲ, ತಾಯಿ ಸತ್ತಾಗಲೂ.

ಮೂರನೆಯ ದಿನ ಅವಳು ಒಲೆಯಿಂದ ಇದ್ದಲಿ ತೆಗೆದು ಆರಿಸಿ, ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ಅದೇ ಡಬ್ಬಿಗೆ ತುಂಬಿ ತಂದಿಟ್ಟಳು.

ಆತ್ಮಾರಾಮರು ಮುಚ್ಚಳ ತೆಗೆದು ಚಿಟಿಕೆ ಹಿಡಿದರು. ಬೆರಳುಗಳ ನಡುವೆ ಉಜ್ಜಿದರು. ಮೂಗಿನ ಹತ್ತಿರ ಒಯ್ದರು.

“ವಾಸನಿ ಇಲ್ಲಲ್ಲವ್ವಾ.”

“ಹಳೇದಾಗ್ಯಾದ ಅಪ್ಪಾ.”

“ಹತ್ತತದೇನು?”

“ಹತ್ತತದ.”

ಅವರು ಮಗಳ ಮುಖವನ್ನು ಒಂದು ಗಳಿಗೆ ನೋಡಿದರು. ನಂತರ ತಲೆದೂಗಿ ಕಂಬಳಿಯ ಮೇಲೆ ಕೂತು, ಕೋಡಿನ ಅಳತೆಯನ್ನು ಕೈಗೆತ್ತಿಕೊಂಡರು. ಟೋಪಿಗಳನ್ನು ಮಾತ್ರ ಅವಳು ಬದಲಿಸಲು ಹೋಗಲಿಲ್ಲ. ಸಿಡಿದುಹೋದ ಹಳೆಯ ಟೋಪಿ ಕೊಟ್ಟರೆ ಅವರ ಹೆಬ್ಬೆರಳಿಗೆ ತಕ್ಷಣ ಗೊತ್ತಾಗುತ್ತಿತ್ತು. ಮದ್ದೇ ಇಲ್ಲದಲ್ಲಿ ಟೋಪಿಯೊಂದು ಏನು ಮಾಡೀತು ಎಂದು ಬಿಟ್ಟಳು.

ಆ ಬೇಸಿಗೆ ಅವಳಿಗೆ ಕೆಟ್ಟದ್ದಾಗಿರಲಿಲ್ಲ. ಊರಲ್ಲಿ ಮೆರವಣಿಗೆ, ಲಾಠಿ, ಮುಚ್ಚಿದ ಅಂಗಡಿ. ಮನೆಯೊಳಗೆ ಮಾತ್ರ ತಂದೆ ಮಗಳು ಎದುರುಬದುರು ಕೂತು, ಅವರು ತುಂಬುವರು, ಇವಳು ಕಾಗದ ಸುತ್ತುವಳು. ಅವರು ಹಳೆಯ ಶಿಕಾರಿಯ ಮಾತು ಹೇಳುವರು. ಕೆಲವೊಮ್ಮೆ ಅವಳನ್ನು ಮಾಲೂ ಎಂದೇ ಕರೆಯುವರು. ತುಂಬಿದ ತೋಟಾಗಳನ್ನು ಅವಳು ಒಂದು ಡಾಲ್ಡಾ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದಳು. ಹಿಂದೆ ತುಂಬಿಟ್ಟ ನಿಜವಾದವು ಮರದ ಪೆಟ್ಟಿಗೆಯಲ್ಲಿದ್ದವು. ಆದರೆ ಮುದುಕರು ಕೈ ಸುಮ್ಮನಿಡುವವರಲ್ಲ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಇಟ್ಟು ತೆಗೆದು ಎಲ್ಲವನ್ನೂ ಬೆರೆಸಿಬಿಟ್ಟರು. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಅವಳಿಗೂ ತಿಳಿಯಲಿಲ್ಲ. ಕಾಶಪ್ಪ ಬಂದಾಗ ವಿಷಯ ಹೇಳಿ ಎಲ್ಲವನ್ನೂ ಬಿಚ್ಚಿ ನೋಡಿದರಾಯಿತು ಎಂದುಕೊಂಡಳು. ಬಂದೂಕೇ ಠಾಣೆಯಲ್ಲಿರುವಾಗ ಅವಸರವೇನು?

ಮಳೆಗಾಲ ಮುಗಿಯುವ ಹೊತ್ತಿಗೆ ಚಳವಳಿಯ ಬಿಸಿ ಇಳಿಯಿತು. ಶಾಲೆಯ ಬೀಗ ತೆಗೆದರು. ಹೋದ ದಿನಗಳನ್ನು ತುಂಬಿಸಲು ಭಾನುವಾರವೂ ಪಾಠ ಎಂದಾಯಿತು. ದೀಪಾವಳಿ ಕಳೆದ ಮೇಲೆ ಠಾಣೆಯಿಂದ ಬಂದೂಕು ಮರಳಿ ಬಂತು. ಮಾಲತೀಬಾಯಿ ಅದನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿದಳು. ಆ ಕೋಣೆಯ ಕೀಲಿ ಮೊದಲಿನಿಂದಲೂ ತಂದೆಯ ಉಡದಾರದಲ್ಲಿತ್ತು. ಅದನ್ನು ಬಿಚ್ಚಿಕೊಂಡರೆ ಮತ್ತೆ ರಂಪ. ಇರಲಿ ಎಂದು ಬಿಟ್ಟಳು. ಕಾಶಪ್ಪ ಆಗ ಊರಲ್ಲಿರಲಿಲ್ಲ. ಪ್ರತಿವರ್ಷದಂತೆ ಕುರಿ ಹೊಡೆದುಕೊಂಡು ತಾಂಡೂರಿನ ಕಡೆ ಮೇಯಿಸಲು ಹೋಗಿದ್ದ. ಅವನ ಹೆಂಡತಿ ಮೋನಮ್ಮ ಸಂತೆಯಲ್ಲಿ ಸಿಕ್ಕಾಗ, “ಸಂಕ್ರಾಂತಿಗೆ ಬರ್ತಾನ್ರಿ ಅಕ್ಕಾರ” ಎಂದಿದ್ದಳು. ಆಗಲೇ ಮೋನಮ್ಮನಿಗೆ ಒಂದು ಮಾತು ಹೇಳಬಹುದಿತ್ತು. ಸಂತೆಯ ಗದ್ದಲದಲ್ಲಿ ತಂದೆಯ ಮರುಳಿನ ವಿಷಯ ಎತ್ತಲು ಅವಳಿಗೆ ಮನಸ್ಸಾಗಲಿಲ್ಲ.

ಸಂಕ್ರಾಂತಿ ಕಳೆದಿತ್ತು. ಜೋಳದ ತೆನೆಯಲ್ಲಿ ಹಾಲುಗಾಳು ಕೂತಿತ್ತು. ಒಂದು ಸಂಜೆ ಅವಳು ಶಾಲೆಯಿಂದ ಬಂದಾಗ ಆತ್ಮಾರಾಮರು ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ಗೆಲುವು.

“ಮಾಲೂ, ಕಾಶಪ್ಪ ಬಂದಿದ್ದ.”

“ಹೌದಪ್ಪಾ?” ಎಂದಳು. ಅವರು ದಿನವೂ ಹೇಳುವ ಮಾತು ಅದು. ಚಪ್ಪಲಿ ಬಿಡುತ್ತ ಕೆಳಗೆ ನೋಡಿದಳು. ಮೆಟ್ಟಿಲ ಮೇಲೆ ಮುತ್ತುಗದ ಎಲೆಯ ಪೊಟ್ಟಣ, ಎಲೆಯಿಂದ ಜಿನುಗಿದ ಕೊಬ್ಬಿನ ಜಿಡ್ಡು.

ಒಳಕೋಣೆಯ ಬಾಗಿಲು ತೆರೆದಿತ್ತು. ಬಂದೂಕು ಇರಲಿಲ್ಲ. ಡಾಲ್ಡಾ ಡಬ್ಬಿಯ ಮುಚ್ಚಳ ನೆಲದ ಮೇಲೆ ಬಿದ್ದಿತ್ತು.

“ಅಂವಗ ಏನು ಕೊಟ್ಟೆಪ್ಪಾ?”

“ತೋಟಾ ಕೊಟ್ಟೀನಿ. ಮತ್ತೇನು ಕೊಡ್ಲಿ?” ಮುದುಕರಿಗೆ ಆಶ್ಚರ್ಯ. “ದೊಡ್ಡ ಒಂಟಿಗ ಹಂದಿ ಬಂದದಂತ. ಅದಕ್ಕs ಜಾಸ್ತಿ ಕೊಟ್ಟೆ.”

ಅವಳು ನೆಲದ ಮೇಲೆ ಕೂತು, ಉಳಿದ ತೋಟಾಗಳನ್ನು ಒಂದೊಂದಾಗಿ ಇಕ್ಕಳದಿಂದ ಗುಂಡು ಕಿತ್ತು ಕಾಗದದ ಮೇಲೆ ಸುರಿದಳು. ಇದ್ದಲಿ. ಇದ್ದಲಿ. ಮುಂದಿನದರಲ್ಲಿ ಹೊಳಪಿನ ಕಾಳುಗಳು, ಗಂಧಕದ ವಾಸನೆ. ಆಮೇಲೆ ಮತ್ತೆ ಇದ್ದಲಿ. ಅವನು ಒಯ್ದದ್ದರಲ್ಲಿ ಏನೇನಿತ್ತೋ ಯಾರು ಹೇಳಬೇಕು? ತಂದೆ ಎದುರಿಗೆ ಕೂತು, ತಾವು ತುಂಬಿದ್ದನ್ನು ಮಗಳು ಯಾಕೆ ಹಾಳು ಮಾಡುತ್ತಿದ್ದಾಳೆಂದು ತಿಳಿಯದೆ ನೋಡುತ್ತಿದ್ದರು.

ನಾಗಲಗಿದ್ದದ ಕಡೆಗೆ ಹೋಗುವ ಬಸ್ಸು ಆಗಲೇ ಹೋಗಿತ್ತು. ಅವಳು ಶಾಲೆಯ ಜವಾನ ಕಿಷ್ಟಪ್ಪನ ಮನೆಗೆ ಓಡಿದಳು. ಅವನ ಹತ್ತಿರ ಸೈಕಲ್ ಇತ್ತು. ಕಿಷ್ಟಪ್ಪ ಎಲ್ಲ ಕೇಳಿ, ಆಕಾಶ ನೋಡಿ, ತಲೆ ಕೆರೆದುಕೊಂಡ.

“ಈಗ ಹೊಂಟ್ರ ನಡುದಾರ್‍ಯಾಗ ಕತ್ತಲಾಗತದ್ರಿ ಟೀಚರಮ್ಮಾ. ಸೈಕಲ್ಲಿಗೆ ದೀಪನೂ ಇಲ್ಲ. ಕಾಶಪ್ಪ ತಾಂಡೂರಿಂದ ಕುರಿ ಹೊಡಕೊಂಡು ದಣದು ಬಂದಾನ. ಇವತ್ತs ಬಂದು ಇವತ್ತs ಹಂದಿ ಹಿಂದ ಓಡತಾನೇನು? ಮುಂಜಾನಿ ಮೊದಲ ಬಸ್ಸಿಗೆ ಹೋಗ್ರಿ. ಹೇಳಿ ಬರಾಕ ಅಷ್ಟ ಸಾಕು.”

ಅವಳಿಗೂ ಹಾಗೇ ನಂಬಬೇಕಿತ್ತು. ನಂಬಿದಳು.

ಬೆಳಗಿನ ಬಸ್ಸು ಹಳ್ಳಿಯ ಕೂಡುದಾರಿಯಲ್ಲಿ ಇಳಿಸಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಊರ ಬಾಯಿಯಲ್ಲಿ ತೊಗರಿ ಮೂಟೆ ಹೇರಿದ ಲಾರಿಯೊಂದು ನಿಂತಿತ್ತು. ಸುತ್ತ ಜನ. ಒಬ್ಬ ಮುದುಕಿ, ಮಾಳಮ್ಮ ಎಂಬ ಕಾಶಪ್ಪನ ಸೋದರತ್ತೆ, ಮಾಲತೀಬಾಯಿಯನ್ನು ಕಂಡದ್ದೇ ಎದೆ ಬಡಿದುಕೊಂಡಳು. “ನಮ್ಮ ಕಾಶ್ಯಾನ್ನ ಹಂದಿ ತಿಂದು ಹಾಕ್ತ್ರಿ ಅಕ್ಕಾರ!”

ಆದದ್ದಿಷ್ಟು. ನಸುಕಿನಲ್ಲಿ ಕಾಶಪ್ಪ ಹೊಲದ ಬದುವಿನಲ್ಲಿ ಕೂತಿದ್ದ. ಒಂಟಿಗ ಜೋಳದಿಂದ ಹೊರಬಿದ್ದಾಗ ಹೊಡೆದ. ಆ ತೋಟಾ ಸಿಡಿಯಿತು, ಹೊಗೆ ಎದ್ದಿತು, ಆದರೆ ಏಟು ಹಂದಿಯ ಹಿಂಭಾಗಕ್ಕೆ ಬಿತ್ತು. ಗಾಯಗೊಂಡ ಹಂದಿಯನ್ನು ಹಾಗೇ ಬಿಟ್ಟರೆ ನೀರಿಗೆ ಹೋಗುವ ಹೆಣ್ಣುಮಕ್ಕಳ ಮೇಲೆ ಬಿದ್ದೀತು ಎಂದು ರಕ್ತದ ಜಾಡು ಹಿಡಿದು ಹಳ್ಳಕ್ಕೆ ಇಳಿದ. ಅಲ್ಲಿ ಅದು ತಿರುಗಿ ನಿಂತಿತು. ಹತ್ತಿರ ಬರಗೊಟ್ಟು ಕುದುರೆ ಎಳೆದ. ‘ಟಪ್’ ಎಂದು ಟೋಪಿ ಮಾತ್ರ ಸಿಡಿಯಿತು. ಜೊತೆಗಿದ್ದವರು ಕಲ್ಲು ತೂರಿ ಅದನ್ನು ಓಡಿಸುವಷ್ಟರಲ್ಲಿ ತೊಡೆಯಿಂದ ಕಿಬ್ಬೊಟ್ಟೆಯ ತನಕ ಸೀಳಿಹೋಗಿತ್ತು.

ಲಾರಿಯ ಮೇಲೆ, ತೊಗರಿ ಮೂಟೆಗಳ ನಡುವೆ ಕಂಬಳಿ ಹಾಸಿ ಅವನನ್ನು ಮಲಗಿಸಿದ್ದರು. ಮೋನಮ್ಮನ ಸೀರೆಯನ್ನು ಹರಿದು ಗಾಯಕ್ಕೆ ಬಿಗಿದಿದ್ದರು. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾಲತೀಬಾಯಿ ಯಾರನ್ನೂ ಕೇಳದೆ ಲಾರಿ ಹತ್ತಿದಳು. ಜಹೀರಾಬಾದಿನ ಆಸ್ಪತ್ರೆಗೆಂದು ಲಾರಿ ಹೊರಟಿತು.

ದಾರಿ ಕೆಟ್ಟದ್ದಿತ್ತು. ಒಂದೊಂದು ಕುಣಿ ಹಾರಿದಾಗಲೂ ಕಾಶಪ್ಪ ಹಲ್ಲು ಕಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನು ಕಣ್ಣು ತೆರೆದ. ಅವಳನ್ನು ಗುರುತಿಸಿದ.

“ಅಕ್ಕಾರ, ನೀವ್ಯಾಕ ಬಂದ್ರಿ?”

ಅವಳು ಜಾರಿದ ಕಂಬಳಿಯ ಅಂಚನ್ನು ಸರಿಮಾಡಿದಳು.

“ಒಂದು ಮಾತ್ರಿ,” ಅಂದ ಅವನು. ಉಸಿರು ತೆಗೆದುಕೊಳ್ಳಲು ನಿಂತು ಮತ್ತೆ ಹೇಳಿದ, “ಟೋಪಿ ಹೊಡೀತು, ಮದ್ದು ಹತ್ತಲಿಲ್ಲ. ಕಾಕಾನ ಕೈ ಹಿಂಗ ಎಂದೂ ತಪ್ಪಿರಲಿಲ್ಲ. ವಯಸ್ಸಾತಲ್ರಿ. ಅವರಿಗೆ ಇದು ಹೇಳಬ್ಯಾಡ್ರಿ. ತೋಟಾ ಹತ್ತಲಿಲ್ಲಂತ ತಿಳದ್ರ ಮುದುಕರು ಅನ್ನ ಬಿಡತಾರ.”

ಮಾಲತೀಬಾಯಿ ಅವನ ಕೈ ಹಿಡಿದುಕೊಂಡಳು. ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಹಳೆಯ ಮದ್ದು, ಥಂಡಿ ಹಿಡಿದಿತ್ತು, ಮುದುಕರ ಮರೆವು. ಜನ ಒಪ್ಪಿಕೊಳ್ಳುವ ಕಾರಣಗಳು ಎಷ್ಟೋ ಇದ್ದವು. ಆದರೆ ಇವನು ಸಾಯುವ ಹೊತ್ತಿನಲ್ಲಿ ತನ್ನ ತಂದೆಯ ಕೈಯನ್ನು ತಪ್ಪಿತಸ್ಥ ಎಂದು ತಿಳಿದು, ಆ ತಪ್ಪನ್ನೂ ಮುಚ್ಚಿಡಲು ಹೊರಟಿದ್ದಾನೆ. ಅದನ್ನು ಅವಳಿಂದ ನೋಡಲಾಗಲಿಲ್ಲ.

“ಅಪ್ಪನ ಕೈ ತಪ್ಪಿಲ್ಲ ಕಾಶಪ್ಪಾ. ಅದರಾಗ ಮದ್ದು ಇರಲಿಲ್ಲ. ಇದ್ದಲಿ ಇತ್ತು. ಮದ್ದು ಸುಟ್ಟು ಕೈ ಕಾಲು ಕಳಕೋತಾರಂತ ಹೆದರಿ ನಾನs ಇದ್ದಲಿ ಕುಟ್ಟಿ ಡಬ್ಬಿಗೆ ತುಂಬಿದ್ದೆ. ಅವರಿಗೆ ಗೊತ್ತಿಲ್ಲ. ನಿನಗ ಹೇಳಬೇಕು ಅಂತಿದ್ದೆ…”

ಮೋನಮ್ಮ ತಲೆ ಎತ್ತಿ ನೋಡಿದಳು.

ಕಾಶಪ್ಪ ಬಹಳ ಹೊತ್ತು ಆಕಾಶ ನೋಡುತ್ತಿದ್ದ. ಕೇಳಿಸಿತೋ ಇಲ್ಲವೋ ಎಂದು ಮಾಲತೀಬಾಯಿಗೆ ಅನಿಸಿತು. ಲಾರಿ ಒಂದು ಏರು ಹತ್ತಿ ಇಳಿಯಿತು.

“ಹಂಗಾರ ಕಾಕಾ ತುಂಬಿದ್ದು ಬರೋಬ್ಬರಿ ಇತ್ತು,” ಅಂದ ಕೊನೆಗೆ. “ಛಲೋ ಆತ್ರಿ.”

ಅವನ ಮುಖದಲ್ಲಿ ಸಮಾಧಾನ ಇತ್ತು. ಆ ಸಮಾಧಾನವೇ ಅವಳನ್ನು ಮುಂದೆ ಎಷ್ಟೋ ಕಾಲ ಚುಚ್ಚಿತು. ಅವನು ಬೈದಿದ್ದರೆ ಬೇರೆಯಾಗುತ್ತಿತ್ತೇನೋ.

ಜಹೀರಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ಹೊಲಿದರು. ರಕ್ತ ಬಹಳ ಹೋಗಿದೆ ಎಂದರು. ಮರುದಿನ ಮಧ್ಯಾಹ್ನ ಕಾಶಪ್ಪ ನೀರು ಕೇಳಿದ. ಮೋನಮ್ಮ ಹತ್ತಿ ಅದ್ದಿ ತುಟಿಗೆ ಹಚ್ಚುತ್ತಿರುವಾಗಲೇ ಅವನ ಕಣ್ಣು ನಿಂತವು. ಮಾಲತೀಬಾಯಿ ಹತ್ತಿರ ಹೋಗಿ ಅವನ ಕಾಲು ಮುಟ್ಟಲು ಬಾಗಿದಳು.

“ಮುಟ್ಟಬ್ಯಾಡ್ರಿ,” ಅಂದಳು ಮೋನಮ್ಮ. ದನಿ ಎತ್ತಲಿಲ್ಲ. “ಹೊರಗ ನಿಂದ್ರಿ.”

ಮಾಲತೀಬಾಯಿ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಳು. ಹೆಣ ಗಾಡಿಗೆ ಏರಿಸುವ ತನಕ ಅಲ್ಲೇ ನಿಂತಿದ್ದಳು.

ಪೊಲೀಸರು ಪಂಚನಾಮೆ ಮಾಡಿದರು, ಬಂದೂಕು ಜಪ್ತಿಯಾಯಿತು. ಹೇಳಿಕೆ ಕೊಡಲು ಮೋನಮ್ಮನನ್ನು ನಾರಾಯಣಖೇಡಕ್ಕೆ ಕರೆಸಿದರು. ಮಾಲತೀಬಾಯಿ ಅದಕ್ಕೆ ಮೊದಲೇ ಠಾಣೆಗೆ ಹೋಗಿ ಇದ್ದಲಿಯ ವಿಷಯ ಬರೆಸಿದ್ದಳು. ತಾಂಡೂರಿನಿಂದ ಓಡಿ ಬಂದಿದ್ದ ಸೋಮಶೇಖರ, “ಯಾರೂ ಕೇಳದs ನೀನs ಹೋಗಿ ಯಾಕ ಹೇಳಿದಿ?” ಎಂದು ಕೇಳಿದ್ದ. ಅವಳು, “ಮೋನಮ್ಮನ ಎದುರು ಹೇಳೀನಿ, ಪೊಲೀಸರ ಎದುರು ಹೇಳಾಕ ಏನಾತು?” ಎಂದಿದ್ದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಎರಡು ದಿನ ಮಾವನಿಗೆ ತಾನೇ ಸ್ನಾನ ಮಾಡಿಸಿದ.

ಯಾರ ಮೇಲಾದರೂ ದೂರು ಇದೆಯೇ ಎಂದು ಕೇಳಿದಾಗ ಮೋನಮ್ಮ ಇಲ್ಲವೆಂದು ಹೆಬ್ಬೆಟ್ಟು ಒತ್ತಿದಳಂತೆ. ಅದನ್ನು ಹೇಳಿದವನು ಹಣಮಯ್ಯ. ಅವನು ಹೇಳಿ ಮುಗಿಸುವ ಹೊತ್ತಿಗೆ ಮೋನಮ್ಮನೇ ಬೀದಿಯಲ್ಲಿ ಬರುತ್ತಿರುವುದು ಕಂಡಿತು. ಮಾಲತೀಬಾಯಿ ಬಾಗಿಲಿಗೆ ಹೋದಳು. ಮೋನಮ್ಮ ಅವಳನ್ನು ದಾಟಿ ನೇರವಾಗಿ ಪಡಸಾಲೆಗೆ ಹೋದಳು. ಆತ್ಮಾರಾಮರು ಕಂಬಳಿಯ ಮೇಲೆ ಕೂತಿದ್ದರು. ಕೊಳವೆಗಳೂ ಇಲ್ಲ, ಡಬ್ಬಿಯೂ ಇಲ್ಲ. ಎಲ್ಲವನ್ನೂ ಪೊಲೀಸರು ಒಯ್ದಿದ್ದರು. ಅವರು ಬರಿಗೈಯಲ್ಲಿ ಹೆಬ್ಬೆರಳನ್ನು ತೋರುಬೆರಳಿಗೆ ಸವರುತ್ತಿದ್ದರು.

“ಯಾರು? ಮೋನವ್ವಾ?” ಮಗಳ ಹೆಸರು ಮರೆಯುತ್ತಿದ್ದವರಿಗೆ ಈ ಹೆಸರು ಎಲ್ಲಿಂದ ಬಂತೋ. “ಕಾಶಪ್ಪ ಎಲ್ಲಿ? ಒಂಟಿಗ ಬಿತ್ತೇನು?”

ಮೋನಮ್ಮ ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಬರಿಯ ಹಣೆ, ಬರಿಯ ಕೈ. ಮುದುಕರ ಮಂಜುಗಣ್ಣಿಗೆ ಅದು ಕಾಣಲಿಲ್ಲ.

“ಬಿತ್ರಿ ಕಾಕಾ. ಒಂದs ಏಟಿಗೆ ಬಿತ್ತು.”

“ಅಂವ ಯಾಕ ಬರಲಿಲ್ಲ?”

“ಕುರಿ ಹೊಡಕೊಂಡು ತಾಂಡೂರ ಕಡಿ ಹೋಗ್ಯಾನ್ರಿ. ಮ್ಯಾವು ಇಲ್ಲ ಇಲ್ಲಿ.”

“ಹೋಗ್ಲಿ, ಹೋಗ್ಲಿ. ಕುರಿ ಉಪವಾಸ ಇರಬಾರದು.” ಆತ್ಮಾರಾಮರು ತೃಪ್ತಿಯಿಂದ ತಲೆದೂಗಿದರು. “ಮಾಲೂ, ಈಕಿಗೆ ಊಟಕ್ಕ ನೀಡು.”

ಮೋನಮ್ಮ ಎದ್ದಳು. ಬಾಗಿಲಲ್ಲಿ ಮಾಲತೀಬಾಯಿ ಎರಡೂ ಕೈ ಜೋಡಿಸಿ ನಿಂತಿದ್ದಳು.

“ಆತ ಹೇಳಿ ಹೋಗ್ಯಾನ, ಮುದುಕರಿಗೆ ತಿಳಿಬಾರದಂತ. ಅದಕ್ಕ ಹೇಳೀನಿ,” ಅಂದಳು ಮೋನಮ್ಮ. “ನಿಮ್ಮ ಸಲುವಾಗಿ ಅಲ್ಲ. ನೀವು ಖರೇ ಹೇಳಿದ್ರಿ, ಅದು ನನಗ ಗೊತ್ತದ. ಖರೇ ಹೇಳಿದ್ರ ಆತ ಬರ್ತಾನೇನ್ರಿ?”

ಉಣ್ಣದೆ ಹೋದಳು.

ಆಷಾಢದಲ್ಲಿ ಆತ್ಮಾರಾಮರು ತೀರಿಕೊಂಡರು. ನಿದ್ದೆಯಲ್ಲೇ ಹೋದರು. ಕಾಶಪ್ಪ ಬಂದನೇ ಎಂದು ಅವರು ಕೊನೆಯ ತನಕ ಕೇಳಿದರು, ಪ್ರತಿ ಸಲವೂ ಮಾಲತೀಬಾಯಿ ಮೋನಮ್ಮ ಹೇಳಿದ ಮಾತನ್ನೇ ಹೇಳಿದಳು. ಆಮೇಲೆ ಅವಳು ತಾಂಡೂರಿಗೆ ವರ್ಗ ಕೇಳಿದಳು, ಸಿಕ್ಕಿತು. ಸಾಮಾನು ಕಟ್ಟಿದ ಮೇಲೆ, ಹೊರಡುವ ಮುಂಚೆ ಒಂದು ದಿನ, ಸೋಮಶೇಖರನಿಗೆ ಹೇಳಿ ಒಬ್ಬಳೇ ಮೋನಮ್ಮನ ಊರಿಗೆ ಹೋದಳು. ಹೋಗಿ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಮಳೆ ಹನಿದು ನಿಂತಿತ್ತು. ಮೋನಮ್ಮ ಕುರಿಹಟ್ಟಿಯಲ್ಲಿ ಒಂದು ಮರಿಯನ್ನು ಹಿಡಿಯಲು ಒದ್ದಾಡುತ್ತಿದ್ದಳು. ಅದರ ಗೊರಸಿನ ನಡುವೆ ಕೊಳೆತು ಹುಳ ಬಿದ್ದಿತ್ತು. ಒಂದು ಕೈಯಲ್ಲಿ ಬೇವಿನೆಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಮರಿ. ಅದು ಕೊಸರಿ ಕೊಸರಿ ಜಾರುತ್ತಿತ್ತು. ಮಾಲತೀಬಾಯಿಯನ್ನು ನೋಡಿದಳು. ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಮಾಲತೀಬಾಯಿ ಬೇಲಿ ದಾಟಿ, ಕೆಸರಿನಲ್ಲಿ ಮಂಡಿಯೂರಿ, ಮರಿಯನ್ನು ಎದೆಗೆ ಅವುಚಿ ಹಿಡಿದಳು. ಅದರ ಎದೆ ಅವಳ ಅಂಗೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೋನಮ್ಮ ಕಡ್ಡಿಯಿಂದ ಹುಳ ತೆಗೆದು, ಎಣ್ಣೆ ಬಿಟ್ಟು, ಚಿಂದಿ ಕಟ್ಟಿದಳು. ಅದನ್ನು ಬಿಟ್ಟ ಮೇಲೆ ಇನ್ನೊಂದನ್ನು ಹಿಡಿದು ತಂದಳು. ಅದಕ್ಕೂ ಆಯಿತು. ಮತ್ತೊಂದು. ಮರಿಗಳು ಕೂಗುತ್ತಿದ್ದವು, ತಾಯಿಕುರಿಗಳು ಬೇಲಿಯಾಚೆಯಿಂದ ಓಗೊಡುತ್ತಿದ್ದವು.

ಎಲ್ಲ ಮುಗಿದ ಮೇಲೆ ಮೋನಮ್ಮ ತಂಬಿಗೆಯಿಂದ ಅವಳ ಕೈ ಮೇಲೆ ನೀರು ಹಾಕಿದಳು. ಎಣ್ಣೆ ಹೋಗುವ ತನಕ ಹಾಕಿದಳು.

“ಬಸ್ಸಿನ ಹೊತ್ತಾತು,” ಅಂದಳು. “ಹೋಗ್ರಿ.”

ಮಾಲತೀಬಾಯಿ ಸೆರಗಿಗೆ ಕೈ ಒರೆಸಿಕೊಂಡು ಕೂಡುದಾರಿಯ ಕಡೆಗೆ ನಡೆದಳು. ಹಿಂದಿನಿಂದ ಮೋನಮ್ಮ ಕುರಿಗಳನ್ನು ಹಟ್ಟಿಗೆ ಕೂಡುವ ದನಿ ಸ್ವಲ್ಪ ದೂರದ ತನಕ ಕೇಳುತ್ತಿತ್ತು.